ಚೆರ್ರಿ ಬಾರ್ಬ್ ಗುಂಪು ಸಾಕೋದು ಹೇಗೆ: ಜಗಳ ಇಲ್ಲದ ಟ್ಯಾಂಕಿಗೆ ಏನೇನು ಬೇಕು

ಬಾರ್ಬ್ ಅನ್ನೋ ಅಕ್ವೇರಿಯಂ ಮೀನು ಅಂದ್ರೆ ಅಂಗಡಿಯವ್ರಿಗೂ ಗಿರಾಕಿಗಳಿಗೂ ಮೊದಲು ನೆನಪಾಗೋದು ಟೈಗರ್ ಬಾರ್ಬ್, ಆ ಕಪ್ಪು ಪಟ್ಟೆಯದ್ದು, ಗಪ್ಪಿ ಬಾಲ, ಬೆಟ್ಟಾ ರೆಕ್ಕೆ, ಏನು ಸಿಕ್ರೂ ಕಚ್ಚಿ ಚಿಂದಿ ಮಾಡತ್ತೆ, ಅದೊಂದ್ರಿಂದ ಇಡೀ ಬಾರ್ಬ್ ಕುಲಕ್ಕೇ ಕೆಟ್ಟ ಹೆಸರು. ಆದ್ರೆ ಬಾರ್ಬ್‌ಗಳಲ್ಲಿ ತುಂಬಾ ಸಾಧು ಮೀನುಗಳೂ ಇದಾವೆ, ಅದ್ರಲ್ಲಿ ನನಗೆ ತುಂಬಾ ಇಷ್ಟವಾದದ್ದು ಚೆರ್ರಿ ಬಾರ್ಬ್. ನಮ್ಮ ಪಕ್ಕದ ಶ್ರೀಲಂಕಾದ ಮೀನು, ಅಲ್ಲಿನ ನೈಋತ್ಯ ಭಾಗದ ಮಳೆಕಾಡಿನ ನೆರಳಲ್ಲಿ ನಿಧಾನಕ್ಕೆ ಹರಿಯೋ ಸಣ್ಣ ತೊರೆಗಳಲ್ಲಿ ಇರತ್ತೆ, ನೆಲದ ತುಂಬ ಉದುರಿದ ಎಲೆ, ಮೇಲೆ ಬಿಸಿಲು ಬೀಳೋದೇ ಕಡಿಮೆ. ವಿಜ್ಞಾನದ ಹೆಸರು ಪುಂಟಿಯಸ್ ಟಿಟ್ಟೆಯಾ, 1929ರಲ್ಲಿ ದೆರಣಿಯಗಲ ಅವರು ಇಟ್ಟಿದ್ದು, ಟಿಟ್ಟೆಯಾ ಅನ್ನೋದು ಸಿಂಹಳದವ್ರು ಇಂಥ ಸಣ್ಣ ಬಾರ್ಬ್‌ಗಳಿಗೆ ಕರೆಯೋ ಹೆಸರೇ. ಪೂರ್ತಿ ಬೆಳೆದ್ರೂ 5 ಸೆಂ.ಮೀ. ದಾಟೋದಿಲ್ಲ. ನಮ್ಮ ಕೆರೆಯ ಗೆಂಡೆ ಮೀನಿನ ಬಳಗದ್ದೇ, ಬಾಯಿ ಪಕ್ಕದಲ್ಲಿ ಕಣ್ಣಿಟ್ಟು ನೋಡಿದ್ರೆ ಕೂದಲೆಳೆಯಂಥ ಪುಟ್ಟ ಮೀಸೆ ಕಾಣತ್ತೆ.

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ, ಯಾಕಂದ್ರೆ ಮಿಕ್ಕಿದ್ದೆಲ್ಲ ಇದರ ಮೇಲೇ ನಿಂತಿದೆ. "ಸಾಧು ಮೀನು" ಅಂತ ಅಂಗಡೀಲಿ ಹೇಳಿದ ಮಾತ್ರಕ್ಕೆ ಆ ಮೀನು ನಿಮ್ಮ ಮನೇಲೂ ಸಾಧುವಾಗಿರತ್ತೆ ಅಂತ ಅಲ್ಲ. ಎಷ್ಟು ಮೀನು ಬಿಟ್ರಿ, ಅದ್ರಲ್ಲಿ ಗಂಡೆಷ್ಟು ಹೆಣ್ಣೆಷ್ಟು, ಬಚ್ಚಿಟ್ಕೊಳ್ಳೋಕೆ ಜಾಗ ಇದೆಯಾ, ಟ್ಯಾಂಕಲ್ಲಿ ಜಗಳ ಇರತ್ತೋ ಇಲ್ವೋ ಅನ್ನೋದು ಈ ಮೂರರ ಮೇಲೆ ಹೋಗತ್ತೆ. ಟೈಗರ್ ಬಾರ್ಬ್ ಕೂಡ ಮೂರು ನಾಲ್ಕು ಇದ್ದಾಗ ಊರಿಗೆಲ್ಲ ಕಾಟ ಕೊಡತ್ತೆ, ಹತ್ತು ಹನ್ನೆರಡು ಇದ್ರೆ ತಮ್ಮತಮ್ಮಲ್ಲೇ ಓಡಾಡ್ಕೊಂಡು ಬೇರೆಯವ್ರನ್ನ ಎಷ್ಟೋ ಬಿಟ್ಟುಬಿಡತ್ತೆ.

ನಾನು ಮೊದಲ ಸಲ ತಂದಿದ್ದು ನಾಲ್ಕು ಚೆರ್ರಿ ಬಾರ್ಬ್. ಕೆಂಪಗಿರೋದೇ ಚೆಂದ ಅಂತ ಮೂರು ಗಂಡು, ಒಂದು ಹೆಣ್ಣು ಆರಿಸ್ಕೊಂಡು ಬಂದೆ. ಎರಡು ದಿನ ನಾಲ್ಕೂ ಫಿಲ್ಟರ್ ಹಿಂದೆ ಸೇರ್ಕೊಂಡು ಆಚೆಗೇ ಬರ್ಲಿಲ್ಲ, ಆಮೇಲೆ ಬಂದಾಗ ಮೂರೂ ಗಂಡು ಆ ಒಂದು ಹೆಣ್ಣಿನ ಹಿಂದೆಯೇ ಬಿದ್ವು, ಬೆಳಗ್ಗೆ ಲೈಟ್ ಹಾಕಿದಾಗಿಂದ ರಾತ್ರಿ ಆರಿಸೋ ತನಕ ಅದಕ್ಕೆ ಒಂದು ಗಳಿಗೆ ಬಿಡುವಿಲ್ಲ, ಊಟಕ್ಕೂ ಬಿಡ್ತಿರ್ಲಿಲ್ಲ. ಹೊಟ್ಟೆ ಒಳಕ್ಕೆ ಹೋಗಿ, ಬಾಲದ ತುದಿ ಬೆಳ್ಳಗಾಗಿ, ಹನ್ನೆರಡನೇ ದಿನಕ್ಕೆ ಸತ್ತೋಯ್ತು. ಅದನ್ನ ಕೈಲಿ ಎತ್ಕೊಂಡಾಗ ಆದ ಬೇಜಾರು ಇವತ್ತಿಗೂ ಇದೆ. ಹಾಗಾಗಿ ಲೆಕ್ಕ ನೆನಪಿಟ್ಕೊಳ್ಳಿ, ಒಂದು ಗಂಡಿಗೆ ಎರಡು ಹೆಣ್ಣು, ಕನಿಷ್ಠ ಎಂಟು ಮೀನು, ಜಾಗ ಇದ್ರೆ ಹನ್ನೆರಡು. ಗಂಡು ಸಪೂರ, ಮೈಯೆಲ್ಲ ಕೆಂಪು. ಹೆಣ್ಣು ಹೊಟ್ಟೆ ದುಂಡಗೆ, ಬಣ್ಣ ಕಂದು ಕಡೆಗೆ, ಮೂಗಿಂದ ಬಾಲದ ತನಕ ಕಪ್ಪು ಗೆರೆ ಎದ್ದು ಕಾಣತ್ತೆ. ಹೆಣ್ಣಿಗೆ ಬಣ್ಣ ಇಲ್ಲ ಅಂತ ಬಿಟ್ಟು ಬರ್ಬೇಡಿ, ಹೆಣ್ಣು ಜಾಸ್ತಿ ಇದ್ದಷ್ಟೂ ಗಂಡುಗಳು ಒಂದಕ್ಕೊಂದು ಪೈಪೋಟಿ ಮಾಡ್ಕೊಂಡು ರೆಕ್ಕೆ ಬಿಚ್ಚಿ ತೋರ್ಸೋದ್ರಲ್ಲಿ ಇರ್ತವೆ, ಆಗಲೇ ಆ ಕೆಂಪು ನಿಜವಾಗ್ಲೂ ಏರೋದು.

ಟ್ಯಾಂಕ್ ಎಷ್ಟು ದೊಡ್ಡದು ಬೇಕು ಅಂದ್ರೆ, ಬರೀ ಚೆರ್ರಿ ಬಾರ್ಬ್ ಎಂಟು ಸಾಕೋದಾದ್ರೆ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ್ದು ಸಾಕು, ಸುಮಾರು 54 ಲೀಟರ್ ಆಗತ್ತೆ. ಬೇರೆ ಮೀನುಗಳ ಜೊತೆ ಬಿಡ್ತೀರಾ ಅಂದ್ರೆ 3 ಅಡಿದಕ್ಕೆ ಹೋಗಿ. ಎತ್ತರಕ್ಕಿಂತ ಉದ್ದ ಮುಖ್ಯ, ಈ ಮೀನು ಅಡ್ಡಕ್ಕೆ ಓಡಾಡೋದು. ದುಂಡು ಬೌಲ್ ಬೇಡವೇ ಬೇಡ. ಇನ್ನೊಂದು, ಗೆಂಡೆ ಬಳಗದ ಮೀನುಗಳಿಗೆ ಗಾಳಿಚೀಲದಿಂದ ಕಿವಿಗೆ ಸದ್ದು ದಾಟಿಸೋ ಸಣ್ಣ ಮೂಳೆಗಳ ಸಾಲು ಇರತ್ತೆ, ಬೇರೆ ಎಷ್ಟೋ ಮೀನುಗಳಿಗಿಂತ ಚೆನ್ನಾಗಿ ಕೇಳ್ಸತ್ತೆ, ಅದಕ್ಕೆ ಹೋಮ್ ಥಿಯೇಟರ್ ಪಕ್ಕ, ದಢಾರ್ ಅಂತ ಹಾಕೋ ಬಾಗಿಲ ಪಕ್ಕ ಟ್ಯಾಂಕ್ ಇಡ್ಬೇಡಿ.

ಈಗ ನೀರಿನ ವಿಷಯ, ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟಲ್ಲಿ ಇರೋರಿಗೆ ಗೊತ್ತು, ಒಂದೇ ನಲ್ಲೀಲಿ ಇವತ್ತು ಕಾವೇರಿ, ನಾಳೆ ಬೋರ್‌ವೆಲ್, ನಾಡಿದ್ದು ಟ್ಯಾಂಕರ್, ಎಲ್ಲ ಸಂಪಲ್ಲಿ ಸೇರಿ ಮೇಲೆ ಬರತ್ತೆ. ಕಾವೇರಿ ನೀರು ಮೆದು, ಆದ್ರೆ ಕ್ಲೋರಿನ್ ಇರತ್ತೆ. ಬೋರ್ ನೀರಲ್ಲಿ ಕ್ಲೋರಿನ್ ಇಲ್ಲ, ಆದ್ರೆ ಗಡಸು, ಬಕೆಟ್ ಅಂಚಲ್ಲಿ ಬಿಳಿ ಉಪ್ಪು ಕಟ್ಟೋದು ಅದೇ. ಚೆರ್ರಿ ಬಾರ್ಬ್ ಹುಟ್ಟಿದ ತೊರೇಲಿ ನೀರು ಮೆದು, ಸ್ವಲ್ಪ ಹುಳಿ ಕಡೆಗೆ, ಆದ್ರೆ ಈಗ ಅಂಗಡೀಲಿ ಸಿಗೋ ಮೀನು ಬಹುಪಾಲು ಫಾರ್ಮಲ್ಲಿ ತಲೆಮಾರುಗಳಿಂದ ಬೆಳೆದದ್ದು, ಪಿಹೆಚ್, ಅಂದ್ರೆ ನೀರು ಎಷ್ಟು ಹುಳಿ ಎಷ್ಟು ಕ್ಷಾರ ಅನ್ನೋ ಅಳತೆ, 6ರಿಂದ 8ರ ಒಳಗೆ ಎಲ್ಲಿದ್ರೂ ಹೊಂದ್ಕೊಳತ್ತೆ. ಅದಕ್ಕೆ ಆಗದೇ ಇರೋದು ದಿಢೀರ್ ಬದಲಾವಣೆ. ಇವತ್ತು ಮೆದು ನೀರು ಮುಂದಿನ ವಾರ ಗಡಸು ನೀರು ಅರ್ಧ ಟ್ಯಾಂಕ್ ಬದಲಾಯಿಸಿದ್ರೆ ಮೀನು ಮೂಲೆಗೆ ಸೇರಿ ರೆಕ್ಕೆ ಮಡಚ್ಕೊಂಡು ನಿಂತುಬಿಡತ್ತೆ. ಅದಕ್ಕೆ ಸುಲಭ ದಾರಿ ಅಂದ್ರೆ ಮನೇಲಿ ಮೂಲೇಲೊಂದು ದೊಡ್ಡ ಡ್ರಮ್ ಇಟ್ಕೊಳ್ಳಿ, ನೀರು ಬಂದಾಗ ತುಂಬಿಸಿ, ಏರ್ ಸ್ಟೋನ್ (ಏರ್ ಪಂಪಿನ ಗಾಳಿಯನ್ನ ಗುಳ್ಳೆ ಮಾಡಿ ಬಿಡೋ ಕಲ್ಲು) ಹಾಕಿ ಒಂದು ದಿನ ಬಿಡಿ, ಕ್ಲೋರಿನ್ ಹೋಗತ್ತೆ, ಬೋರ್ ನೀರಿಗೆ ಗಾಳಿ ಸೇರತ್ತೆ, ಮನೆಯ ತಾಪಮಾನಕ್ಕೂ ಬರತ್ತೆ. ಅವಸರ ಇದ್ರೆ ಆಂಟಿ ಕ್ಲೋರಿನ್ ಹಾಕಿ, ಅಂಗಡೀಲಿ ಸಕ್ಕರೆ ಹರಳಿನ ಥರ ಪ್ಯಾಕೆಟ್ಟಲ್ಲಿ ಸಿಗೋದು ಸೋಡಿಯಂ ಥಯೋಸಲ್ಫೇಟ್, ಹಿಂದೆ ಫೋಟೋ ಸ್ಟುಡಿಯೋದವ್ರು ಹೈಪೋ ಅಂತಿದ್ರಲ್ಲ ಅದೇ, ಪ್ಯಾಕೆಟ್ ಮೇಲೆ ಬರೆದಿರೋ ಅಳತೆಯಷ್ಟೇ. ಆರ್‌ಓ ಮೆಷಿನ್ನಿನ ಕುಡಿಯೋ ನೀರನ್ನ ಪೂರ್ತಿ ತುಂಬಿಸ್ಬೇಡಿ, ಅದರಲ್ಲಿ ಖನಿಜ ತೀರಾ ಕಮ್ಮಿ, ಪಿಹೆಚ್ ನಿಲ್ಲೋದಿಲ್ಲ. ಬೋರ್ ನೀರು ತುಂಬಾ ಗಡಸಿದ್ರೆ ಅರ್ಧ ಅದು, ಅರ್ಧ ಆರ್‌ಓ ಮಿಕ್ಸ್ ಮಾಡಿ. ಆರ್‌ಓ ಆಚೆ ಬಿಡೋ ವೇಸ್ಟ್ ನೀರು ಮಾತ್ರ ಬೇಡ, ಉಪ್ಪೆಲ್ಲ ಅದ್ರಲ್ಲೇ ಉಳ್ದಿರತ್ತೆ.

ನೀರು ತುಂಬಿಸಿದ ದಿನವೇ ಮೀನು ತರ್ಬೇಡಿ. ಟ್ಯಾಂಕ್ ಸೈಕಲ್ ಆಗ್ಬೇಕು, ಅಂದ್ರೆ ನೀರಿನ ವಿಷ ಕಳೆಯೋ ಬ್ಯಾಕ್ಟೀರಿಯಾ ಮೊದಲು ಬೆಳೀಬೇಕು. ಮೀನಿನ ಕಸ, ಉಳಿದ ಊಟ ಎಲ್ಲ ಅಮೋನಿಯಾ ಆಗತ್ತೆ, ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡತ್ತೆ, ಅದೂ ವಿಷವೇ, ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡತ್ತೆ, ಅದು ಅಷ್ಟು ಅಪಾಯ ಇಲ್ಲ. ಈ ಬ್ಯಾಕ್ಟೀರಿಯಾ ಫಿಲ್ಟರ್ ಸ್ಪಂಜಲ್ಲಿ ಮನೆ ಮಾಡೋಕೆ ನಾಲ್ಕರಿಂದ ಆರು ವಾರ ಬೇಕು. ಫಿಲ್ಟರ್ ಓಡಿಸ್ಕೊಂಡು ದಿನಾ ಒಂದು ಚಿಟಿಕೆ ಮೀನೂಟ ಹಾಕ್ತಾ ಹೋಗಿ, ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಮಾತ್ರ ಕಾಣೋಕೆ ಶುರು ಆದ್ಮೇಲೆ ಮೀನು ತನ್ನಿ. ಟ್ಯಾಂಕ್ ಇಟ್ಟಿರೋ ಸ್ನೇಹಿತರಿದ್ರೆ ಅವರ ಹಳೇ ಫಿಲ್ಟರಿನ ಸ್ಪಂಜ್ ಒಂದು ತುಂಡು ಇಸ್ಕೊಂಡು ಬನ್ನಿ, ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಬೇಗ ಆಗತ್ತೆ. ಆ ಸ್ಪಂಜನ್ನ ಯಾವತ್ತೂ ನಲ್ಲಿ ನೀರಲ್ಲಿ ತೊಳೀಬೇಡಿ, ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯತ್ತೆ, ಟ್ಯಾಂಕಿಂದ ತೆಗೆದ ನೀರಲ್ಲೇ ಎರಡು ಸಲ ಹಿಂಡಿ ವಾಪಸ್ ಇಡಿ.

ಫಿಲ್ಟರ್ ಅಂತ ದೊಡ್ಡ ಖರ್ಚೇನೂ ಬೇಡ, ಸ್ಪಂಜ್ ಫಿಲ್ಟರ್ ಮತ್ತೆ ಒಳ್ಳೇ ಏರ್ ಪಂಪ್ ಇದ್ರೆ ಸಾಕು, ಈ ಮೀನಿಗೆ ಜೋರು ಹರಿವು ಇಷ್ಟ ಇಲ್ಲ. ಬ್ಯಾಟರಿ ಏರ್ ಪಂಪ್ ಒಂದು ಮನೇಲಿರ್ಲಿ, ಕರೆಂಟ್ ಹೋದಾಗ ಬೇಕಾಗತ್ತೆ. ತಾಪಮಾನ 23ರಿಂದ 27 ಡಿಗ್ರಿ ಇದ್ರೆ ಚೆನ್ನಾಗಿರತ್ತೆ. ಮಂಗಳೂರು, ಉಡುಪಿ ಕಡೆಯವ್ರಿಗೆ ಹೀಟರ್ ಬೇಕಾಗಲ್ಲ, ಬೆಂಗಳೂರು ಮೈಸೂರಲ್ಲಿ ಡಿಸೆಂಬರ್ ಜನವರಿ ರಾತ್ರಿಗೆ ಒಂದು ಹೀಟರ್ ಇರ್ಲಿ, 3 ಅಡಿ ಟ್ಯಾಂಕಿಗೆ 100 ವ್ಯಾಟ್ ಸಾಕು. ಕಲಬುರಗಿ, ರಾಯಚೂರು ಕಡೆಯವ್ರಿಗೆ ತೊಂದರೆ ಬೇಸಿಗೇಲಿ, ನೀರು ಬಿಸಿ ಆದಷ್ಟೂ ಅದರಲ್ಲಿ ಆಕ್ಸಿಜನ್ ಕಮ್ಮಿ ಆಗತ್ತೆ, ಮುಚ್ಚಳ ತೆಗೆದು ಜಾಳಿಗೆ ಹಾಕಿ ನೀರಿನ ಮೇಲೆ ಒಂದು ಸಣ್ಣ ಫ್ಯಾನ್ ಬಿಟ್ರೆ ಎರಡು ಮೂರು ಡಿಗ್ರಿ ಇಳಿಯತ್ತೆ.

ಒಳಗಿನ ಅಲಂಕಾರ ಅಂತ ಕರೀತಾರೆ, ಆದ್ರೆ ಮೀನಿಗೆ ಅದು ಮನೆ. ತಳಕ್ಕೆ ಕಪ್ಪು ಅಥವಾ ಕಂದು ಮರಳು ಹಾಕಿ, ಬಿಳಿ ಕಲ್ಲು, ನೀಲಿ ಕಲ್ಲು ಹಾಕಿದ್ರೆ ಮೀನು ಬಣ್ಣ ಬಿಡ್ಕೊಂಡು ಸಪ್ಪಗಾಗತ್ತೆ, ಕಪ್ಪು ನೆಲದ ಮೇಲೆ ಅದೇ ಮೀನು ಉರಿಯೋ ಕೆಂಡದ ಹಾಗೆ ಕಾಣತ್ತೆ. ಹೊಳೆ ಮರಳು, ಕಲ್ಲು ಹಾಕೋದಾದ್ರೆ ಮೊದಲು ಒಂದೆರಡು ಹನಿ ವಿನೆಗರ್ ಬಿಟ್ಟು ನೋಡಿ, ಬುರುಗು ಬಂದ್ರೆ ಸುಣ್ಣದ ಅಂಶ ಇದೆ, ನೀರನ್ನ ಇನ್ನೂ ಗಡಸು ಮಾಡತ್ತೆ. ಗಿಡಕ್ಕೆ ಜಾವಾ ಫರ್ನ್, ಅನುಬಿಯಾಸ್, ಜಾವಾ ಮಾಸ್, ಇವು ಸಾಧಾರಣ ಲೈಟಲ್ಲೂ ಬದುಕ್ತವೆ. ಕ್ರಿಪ್ಟೋಕೊರೈನ್ ವೆಂಡ್ಟಿಯೈ ಅಂತ ಒಂದು ಗಿಡ ಇದೆ, ಅದೂ ಶ್ರೀಲಂಕಾದ್ದೇ, ಈ ಮೀನಿನ ಜೊತೆ ಅದನ್ನ ಇಟ್ರೆ ಎರಡಕ್ಕೂ ತವರಿನ ನಂಟು. ಮೇಲೆ ತೇಲೋ ಗಿಡ ಕಡ್ಡಾಯ ಅಂತಲೇ ಹೇಳ್ತೀನಿ, ನಮ್ಮ ಅಂತರಗಂಗೆ ಆಗ್ಬಹುದು, ಅರ್ಧ ಮೇಲ್ಮೈ ಮುಚ್ಚೋಷ್ಟು ಬಿಡಿ. ಕೆರೆಯಿಂದ ನೇರ ತಂದು ಹಾಕ್ಬೇಡಿ, ಏರೋಪ್ಲೇನ್ ಚಿಟ್ಟೆ ಮರಿ ಬೇರಲ್ಲಿ ಸೇರ್ಕೊಂಡು ಬರತ್ತೆ, ಸಣ್ಣ ಮೀನನ್ನ ಹಿಡಿದು ತಿನ್ನತ್ತೆ, ಎರಡು ವಾರ ಬೇರೆ ಬಕೆಟ್ಟಲ್ಲಿಟ್ಟು ಬೇರೆಲ್ಲ ಬಿಡಿಸಿ ನೋಡಿ ಆಮೇಲೆ ಹಾಕಿ. ಕಾಡು ಬಾದಾಮಿ ಮರದ ಒಣಗಿ ಉದುರಿದ ಎಲೆ ಎರಡು ತೊಳೆದು ಹಾಕಿದ್ರೆ ನೀರು ತೆಳು ಟೀ ಬಣ್ಣಕ್ಕೆ ಬರತ್ತೆ, ಗಾಬರಿ ಬೇಡ, ಅವು ಹುಟ್ಟಿದ ತೊರೆಯೂ ಹಾಗೇ ಎಲೆ ತುಂಬಿದ್ದು. ನನ್ನ ಟ್ಯಾಂಕಲ್ಲಿ ಮೇಲೆ ನೆರಳು ಬಂದ ಮೇಲೆ ಮೂರೇ ದಿನಕ್ಕೆ ಮೀನುಗಳು ಮುಂದಿನ ಗಾಜಿನ ಹತ್ರ ಬಂದು ಆಡೋಕೆ ಶುರು ಮಾಡಿದ್ವು. ಬಚ್ಚಿಟ್ಕೊಳ್ಳೋ ಜಾಗ ಜಾಸ್ತಿ ಆದ್ರೆ ಮೀನು ಕಾಣ್ಸೋದೇ ಇಲ್ಲ ಅಂತ ಅಂದ್ಕೊಂಡಿದ್ದೆ, ಆಗಿದ್ದು ತದ್ವಿರುದ್ಧ, ಓಡಿಹೋಗೋಕೆ ಜಾಗ ಇದೆ ಅಂತ ಗೊತ್ತಿದ್ರೇನೇ ಅವು ಧೈರ್ಯವಾಗಿ ಆಚೆ ಬರೋದು.

ಗುಂಪಿನ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ. ಎಲ್ಲ ಮೀನೂ ಒಂದೇ ದಿಕ್ಕಿಗೆ ಮುಖ ಮಾಡಿ ಬಿಗಿಯಾಗಿ ಒಟ್ಟಿಗೆ ಈಜ್ತಿದ್ರೆ ನೋಡೋಕೆ ಚೆಂದ, ಆದ್ರೆ ಚೆರ್ರಿ ಬಾರ್ಬ್ ಹಾಗೆ ಮಾಡ್ತಿದ್ರೆ ಅದು ಹೆದರಿದೆ ಅಂತ. ನೆಮ್ಮದಿಯಾಗಿದ್ದಾಗ ಅವು ಸಡಿಲವಾಗಿ ಹರಡ್ಕೊಂಡು, ಒಂದೆರಡು ಎಲೆ ಕೆಳಗೆ ಹೆಕ್ತಾ, ಒಂದೆರಡು ಗಿಡದ ಸುತ್ತ ಸುತ್ತಾಡ್ತಾ ಇರ್ತವೆ. ಹೊಸದಾಗಿ ಬಿಟ್ಟ ದಿನ ಒತ್ತಾಗಿ ನಿಲ್ಲೋದು ಸಹಜ, ವಾರ ಕಳೆದ್ರೂ ಹಾಗೇ ಇದ್ರೆ ಏನೋ ಸರಿಯಿಲ್ಲ ಅಂತ ಹುಡುಕಿ, ನೀರು ಟೆಸ್ಟ್ ಮಾಡಿ, ಲೈಟ್ ಜಾಸ್ತಿ ಇದೆಯಾ ನೋಡಿ.

ಕೊಳ್ಳೋವಾಗ ಅವಸರ ಬೇಡ. ನಮ್ಮಲ್ಲಿಗೆ ಬರೋ ಬಣ್ಣದ ಮೀನು ಬೇಕಾದಷ್ಟು ಚೆನ್ನೈನ ಕೊಳತ್ತೂರು ಕಡೆಯಿಂದ ಕವರಲ್ಲಿ ಕೂತು ರಾತ್ರಿಯಿಡೀ ಬಂದಿರತ್ತೆ, ಬಂದ ದಿನವೇ ತರ್ಬೇಡಿ, ಅಂಗಡಿಯಲ್ಲೇ ನಾಲ್ಕೈದು ದಿನ ಕಳೀಲಿ. ಶಿವಾಜಿನಗರದ ರಸ್ಸೆಲ್ ಮಾರ್ಕೆಟ್ ಕಡೆ ಹೋದ್ರೂ, ನಿಮ್ಮ ಬಡಾವಣೆಯ ಅಂಗಡಿಗೆ ಹೋದ್ರೂ, ಟ್ಯಾಂಕ್ ಮುಂದೆ ಐದು ನಿಮಿಷ ಸುಮ್ನೆ ನಿಂತು ನೋಡಿ. ರೆಕ್ಕೆ ಮಡಚ್ಕೊಂಡಿರೋದು, ಮೈ ಉಜ್ಜೋದು, ಅದೇ ನೀರಲ್ಲಿ ಒಂದು ಸತ್ತ ಮೀನು, ಇವು ಏನೇ ಕಂಡ್ರೂ ವಾಪಸ್ ಬನ್ನಿ. ಬಲೆಯಲ್ಲಿ ಅಟ್ಟಾಡಿಸಿ ಹಿಡಿಯೋದನ್ನ ಆದಷ್ಟು ತಪ್ಪಿಸಿ, ಯಾಕಂದ್ರೆ ಈ ಬಳಗದ ಮೀನಿನ ಚರ್ಮಕ್ಕೆ ಗಾಯ ಆದ್ರೆ ಅದರಿಂದ ಒಂದು ರಾಸಾಯನಿಕ ನೀರಿಗೆ ಬಿಡತ್ತೆ, ಮಿಕ್ಕ ಮೀನೆಲ್ಲ ಅದನ್ನ ಮೂಸಿ ಒಟ್ಟಿಗೇ ಬೆದರ್ತವೆ. ಕಾರ್ಲ್ ಫಾನ್ ಫ್ರಿಶ್ ಅನ್ನೋ ವಿಜ್ಞಾನಿ 1938ರಲ್ಲೇ ಇದನ್ನ ತೋರಿಸಿಕೊಟ್ಟಿದ್ದು, ಅವ್ರು ನೋಡಿದ್ದೂ ಇದೇ ಬಳಗದ ಸಣ್ಣ ಮೀನಲ್ಲೇ. ಬಲೆ ಬದಲು ಪಾರದರ್ಶಕ ಡಬ್ಬಿಯೊಳಕ್ಕೆ ನಿಧಾನಕ್ಕೆ ಮೀನನ್ನ ತಳ್ಳಿ ಹಿಡೀರಿ, ಮನೇಲಿ ಮೀನು ಬೇರೆ ಕಡೆ ಹಾಕೋವಾಗ್ಲೂ ಹಾಗೇ ಮಾಡಿ. ತಂದ ಮೀನನ್ನ ಎರಡು ಮೂರು ವಾರ ಬೇರೆ ಟಬ್‌ನಲ್ಲಿ ಸ್ಪಂಜ್ ಫಿಲ್ಟರ್ ಹಾಕಿ ಇಡಿ, ಇಷ್ಟು ಮಾಡಿದ್ರೆ ಮುಂದೆ ಬರೋ ತೊಂದರೆ ಎಷ್ಟೋ ತಪ್ಪತ್ತೆ.

ಊಟ. ಗೆಂಡೆ ಬಳಗಕ್ಕೆ ಹೊಟ್ಟೆಯ ಚೀಲವೇ ಇಲ್ಲ, ತಿಂದದ್ದು ನೇರ ಕರುಳಿಗೆ ಹೋಗತ್ತೆ, ಅದಕ್ಕೇ ಒಂದೇ ಸಲ ಜಾಸ್ತಿ ಹಾಕಿದ್ರೆ ದಂಡ. ದಿನಕ್ಕೆ ಎರಡು ಸಲ, ಒಂದು ನಿಮಿಷದಲ್ಲಿ ಮುಗಿಯೋಷ್ಟು. ಬಾಯಿ ತುಂಬಾ ಸಣ್ಣದು, ಪೆಲೆಟ್ ಇದ್ರೆ ಬೆರಳಲ್ಲಿ ಪುಡಿ ಮಾಡಿ ಹಾಕಿ. ವಾರಕ್ಕೆ ಎರಡು ಸಲ ಫ್ರೋಜನ್ ಬ್ಲಡ್‌ವರ್ಮ್ ಅನ್ನೋ ಕೆಂಪು ಹುಳ ಅಥವಾ ಡ್ಯಾಫ್ನಿಯಾ ಅನ್ನೋ ನೀರಿನ ಪುಟ್ಟ ಜೀವಿ, ಒಂದು ಸಲ ಬೇಯಿಸಿ ಸಿಪ್ಪೆ ತೆಗೆದು ಮಸೆದ ಬಟಾಣಿ ಇಲ್ಲಾ ಪಾಲಕ್. ಕೆಂಪು ಬಣ್ಣವನ್ನ ಮೀನು ತಾನೇ ತಯಾರು ಮಾಡ್ಕೊಳ್ಳೋಕಾಗಲ್ಲ, ತಿನ್ನೋದ್ರಿಂದಲೇ ಬರ್ಬೇಕು, ಸಿಗಡಿ ಪುಡಿ, ಸ್ಪಿರುಲಿನಾ ಇರೋ ಊಟ ಕೊಟ್ರೆ ತಿಂಗಳಲ್ಲಿ ವ್ಯತ್ಯಾಸ ಗೊತ್ತಾಗತ್ತೆ. ಊರಿಗೆ ಹೋಗೋವಾಗ ನಾಲ್ಕೈದು ದಿನ ಊಟ ಇಲ್ದಿದ್ರೂ ಬೆಳೆದ ಮೀನಿಗೆ ಏನೂ ಆಗಲ್ಲ, ಪಕ್ಕದ ಮನೆಯವ್ರಿಗೆ ಡಬ್ಬಿ ಕೊಟ್ಟು ಹೋದ್ರೆ ಪಾಪ ಅಂತ ಹಿಡಿ ತುಂಬ ಹಾಕಿ ನೀರು ಕೊಳೆಯೋದೇ ಹೆಚ್ಚು.

ಜೊತೆಗಾರರು ಅಂದ್ರೆ ಹಾರ್ಲೆಕ್ವಿನ್ ರಾಸ್ಬೋರಾ, ಕೋರಿಡೋರಾಸ್, ಕೂಲಿ ಲೋಚ್, ಹನಿ ಗೌರಾಮಿ, ಇವು ಹೇಳಿ ಮಾಡ್ಸಿದ ಹಾಗೆ. ಕೋರಿಡೋರಾಸ್ ಕೂಡ ಆರು ಬೇಕು, ಒಂಟಿಯಾಗಿ ತರ್ಬೇಡಿ. ಗೋಲ್ಡ್ ಫಿಶ್ ಬೇಡ, ಸಿಕ್ಲಿಡ್ ಬೇಡ. ಸಣ್ಣ ಸಿಗಡಿ ಸಾಕ್ತಿದ್ರೆ ದೊಡ್ಡವು ಉಳೀತವೆ, ಸಿಗಡಿ ಮರಿಗಳನ್ನ ಬಾರ್ಬ್‌ಗಳು ಹುಡುಕಿ ತಿಂತವೆ. "ಪಾಚಿ ತಿನ್ನತ್ತೆ" ಅಂತ ಅಂಗಡೀಲಿ ಕೊಡೋ ಸಕ್ಕರ್ ಮೀನು ಅಂಗೈ ಉದ್ದ ಇದ್ದದ್ದು ಒಂದಡಿ ದಾಟಿ ಬೆಳೆಯತ್ತೆ, ಆಮೇಲೆ ಜನ ಅದನ್ನ ಕೆರೆಗೆ ಬಿಡ್ತಾರೆ, ದಯವಿಟ್ಟು ಆ ಕೆಲಸ ಯಾವ ಮೀನಿಗೂ ಮಾಡ್ಬೇಡಿ, ನಮ್ಮ ಕೆರೆಯ ಮೀನುಗಳ ಊಟ, ಜಾಗ ಎರಡೂ ಹೋಗತ್ತೆ. ಸಾಕೋಕಾಗ್ದಿದ್ರೆ ಅಂಗಡಿಗೇ ವಾಪಸ್ ಕೊಡಿ.

ಚೆರ್ರಿ ಸಿಗ್ದಿದ್ರೆ ಬೇರೆ ಸಾಧು ಬಾರ್ಬ್‌ಗಳೂ ಇದಾವೆ. ರೋಸಿ ಬಾರ್ಬ್ ನಮ್ಮ ಭಾರತದ್ದೇ, ಸ್ವಲ್ಪ ತಂಪು ನೀರು ಇಷ್ಟ, ಬೆಂಗಳೂರಿನ ಚಳಿಗೆ ಹೀಟರ್ ಇಲ್ದೇ ಇರತ್ತೆ, ಆದ್ರೆ ಜೋರು ಓಡಾಟ, 3 ಅಡಿ ಟ್ಯಾಂಕ್ ಬೇಕೇ ಬೇಕು, ಮೆತ್ತನೆ ಎಲೆ ಗಿಡ ತಿನ್ನತ್ತೆ, ಉದ್ದ ರೆಕ್ಕೆ ಮೀನಿನ ಜೊತೆ ಬೇಡ. ಬ್ಲ್ಯಾಕ್ ರೂಬಿ, ಚೆಕರ್ ಬಾರ್ಬ್ ಸಿಕ್ರೆ ಒಳ್ಳೇದು. ನಮ್ಮ ಪಶ್ಚಿಮ ಘಟ್ಟದ ಡೆನಿಸನ್ ಬಾರ್ಬ್, ಮಿಸ್ ಕೇರಳ ಅಂತಾರಲ್ಲ, ನೋಡೋಕೆ ಅದಕ್ಕೆ ಸಾಟಿ ಇಲ್ಲ, ಕೇರಳ ಕರ್ನಾಟಕದ ಹೊಳೆಗಳಲ್ಲಿ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಆದ್ರೆ ಅದು 15 ಸೆಂ.ಮೀ. ತನಕ ಬೆಳೆಯೋ, ಹರಿಯೋ ತಂಪು ನೀರು ಬೇಕಾದ ಮೀನು, ಮೇಲಾಗಿ ಅಕ್ವೇರಿಯಂ ವ್ಯಾಪಾರಕ್ಕೆ ಹೊಳೆಯಿಂದ ಹಿಡಿದೂ ಹಿಡಿದೂ ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಅದನ್ನ ಅಪಾಯದಲ್ಲಿರೋ ಜಾತಿಗಳ ಪಟ್ಟೀಲಿ ಇಟ್ಟಿದೆ. ಅದನ್ನ ಹೊಳೆಯಲ್ಲೇ ಬಿಟ್ಟುಬಿಡೋಣ.

ವಾರಕ್ಕೊಂದು ಸಲ ಕಾಲು ಭಾಗ ನೀರು ಬದಲಾಯಿಸಿ, ತೆಗೆದ ನೀರು ಗಿಡದ ಕುಂಡಗಳಿಗೆ ಹಾಕಿ, ತುಳಸಿ, ಕರಿಬೇವು ಚೆನ್ನಾಗಿ ಬರತ್ತೆ. ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಕಂಡ್ರೆ ಅದು ವೈಟ್ ಸ್ಪಾಟ್, ನೀರಿನ ಶಾಖ ಒಂದೊಂದೇ ಡಿಗ್ರಿ ಏರಿಸ್ತಾ 30ರ ತನಕ ತನ್ನಿ, ಏರ್ ಜಾಸ್ತಿ ಮಾಡಿ, ವೈಟ್ ಸ್ಪಾಟ್ ಔಷಧಿ ಹಾಕಿ. ಔಷಧಿ ಹತ್ತೋದು ಆ ಪರೋಪಜೀವಿ ಮೈಯಿಂದ ಉದುರಿ ನೀರಲ್ಲಿ ಈಜೋ ಹೊತ್ತಲ್ಲಿ ಮಾತ್ರ, ಹಾಗಾಗಿ ಚುಕ್ಕೆ ಮಾಯ ಆಯ್ತು ಅಂತ ಮೂರನೇ ದಿನಕ್ಕೇ ನಿಲ್ಲಿಸ್ಬೇಡಿ, ಹತ್ತು ಹನ್ನೆರಡು ದಿನ ಪೂರ್ತಿ ಮಾಡಿ.

ಇಷ್ಟೆಲ್ಲ ಸರಿ ಇದ್ರೆ ಒಂದು ದಿನ ಬೆಳಗ್ಗೆ ಲೈಟ್ ಹಾಕಿದಾಗ ಗಂಡು ಎಂದೂ ಇಲ್ಲದಷ್ಟು ಕೆಂಪಾಗಿ, ಹೆಣ್ಣಿನ ಪಕ್ಕಕ್ಕೆ ಮೈ ತಾಗಿಸಿ ನಡುಗ್ತಾ, ಅದನ್ನ ಜಾವಾ ಮಾಸ್ ಕಡೆ ಕರ್ಕೊಂಡು ಹೋಗೋದು ಕಾಣತ್ತೆ. ಮೊಟ್ಟೆ ಒಂದು ಮಿಲಿಮೀಟರಿನಷ್ಟು, ಪಾಚಿ ಎಳೆಗೆ ಅಂಟ್ಕೊಂಡಿರತ್ತೆ, ಇಟ್ಟ ಗಳಿಗೆಯಿಂದ ಅಪ್ಪ ಅಮ್ಮನೇ ಹುಡುಕಿ ತಿನ್ನೋಕೆ ಶುರು ಮಾಡ್ತವೆ. ಮರಿ ಬೇಕಿದ್ರೆ ಆ ಮಾಸ್ ಗುಪ್ಪೆಯನ್ನ ಹಾಗೇ ಎತ್ತಿ, ಅದೇ ಟ್ಯಾಂಕಿನ ನೀರು ತುಂಬಿದ ಬೇರೆ ಡಬ್ಬೀಲಿ ಇಡಿ, ಸಣ್ಣಕ್ಕೆ ಏರ್ ಬಿಡಿ, ಬಿಸಿಲು ಬೇಡ. ಒಂದೆರಡು ದಿನಕ್ಕೆ ಮೊಟ್ಟೆ ಒಡೆಯತ್ತೆ, ಮರಿ ಗಾಜಿಗೆ ಅಂಟಿದ ರೆಪ್ಪೆ ಕೂದಲಿನ ಹಾಗೆ ಕಾಣತ್ತೆ, ಮಾರನೇ ದಿನ ಈಜೋಕೆ ಶುರು ಮಾಡತ್ತೆ. ಮೊದಲ ವಾರ ಅದರ ಬಾಯಿಗೆ ಪುಡಿಯೂ ದೊಡ್ಡದೇ, ಹಸಿರು ಕಟ್ಟಿದ ನೀರನ್ನ ಹನಿ ಹನಿ ಬಿಡ್ತಾ ಬನ್ನಿ, ಆಮೇಲೆ ಆಗಷ್ಟೇ ಮೊಟ್ಟೆ ಒಡೆದ ಆರ್ಟೀಮಿಯಾ, ಅಂದ್ರೆ ಉಪ್ಪುನೀರಿನ ಪುಟ್ಟ ಸಿಗಡಿ ಜಾತಿಯ ಜೀವಿಯ ಮರಿ. ನನಗೆ ಮೊದಲ ಸಲ ಉಳಿದದ್ದು ಏಳು ಮರಿ, ಎರಡನೇ ತಿಂಗಳಲ್ಲಿ ಅದರಲ್ಲೊಂದರ ರೆಕ್ಕೆ ಬುಡದಲ್ಲಿ ಕುಂಕುಮ ತಾಗಿಸಿದಷ್ಟು ಕೆಂಪು ಕಂಡಿತು.